ಚಿತ್ರ ತೋರಿಸುವ ಡಬ್ಬಿ

ಸಂಕ್ರಾಂತಿ ಕಳೆದ ಭಾನುವಾರ ಭೀಮೇಶ ಗೋಡೆಯಿಂದ ಹಳೇ ಕ್ಯಾಲೆಂಡರ್ ಇಳಿಸಿ ಅದರ ಬೆನ್ನಿಗೆ ಒಂದು ಡಬ್ಬಿಯ ಚಿತ್ರ ಬರೆದ. ಡಬ್ಬಿಯ ಒಂದು ಮಗ್ಗುಲಿಗೆ ಪೆನ್‌ಡ್ರೈವ್ ಚುಚ್ಚುವ ಕಿಂಡಿ, ಇನ್ನೊಂದು ಮಗ್ಗುಲಿಗೆ ಪ್ರೊಜೆಕ್ಟರಿಗೆ ಹೋಗುವ ವೈರು, ಮೇಲೆ ಎರಡು ಗುಂಡಿ. ನಾನು ರೊಟ್ಟಿ ತಟ್ಟುತ್ತಿದ್ದೆ. ಅವನು ಹಾಳೆಯನ್ನು ತಂದು ಹಿಟ್ಟಿನ ಮೊರದ ಪಕ್ಕದಲ್ಲಿ ಹಾಸಿದ.

"ಅಕ್ಕ, ನೋಡಿಲ್ಲಿ."

"ಏನೋ ಇದು, ಸ್ವಿಚ್ ಬೋರ್ಡಾ?"

"ನಮ್ಮ ಪ್ರಾಜೆಕ್ಟು. ಲ್ಯಾಪ್‌ಟಾಪ್ ಬ್ಯಾಡ, ಕಂಪ್ಯೂಟರ್ ಬ್ಯಾಡ. ಪೆನ್‌ಡ್ರೈವ್ ಚುಚ್ಚಿ ಕರೆಂಟ್ ಕೊಟ್ರೆ ಆತು, ಚಿತ್ರ ಒಂದಾದ ಮೇಲೊಂದು ಗೋಡೆ ಮೇಲೆ ಬರ್ತತೆ. ಈ ಗುಂಡಿ ಒತ್ತಿದ್ರೆ ಮುಂದಿಂದು, ಇದನ್ನ ಒತ್ತಿದ್ರೆ ಹಿಂದಿಂದು."

ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದ ಅಂಜಿನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಕುತ್ತಿಗೆ ಚಾಚಿ ನೋಡಿತು.

"ಮಾತಾಡ್ತತೇನೋ ಅದು?"

"ಇಲ್ಲಜ್ಜಿ, ಬರೀ ಚಿತ್ರ."

"ಒಳ್ಳೇದಾತು ಬಿಡು. ಈ ಮನ್ಯಾಗೆ ಮಾತಾಡೋರೇ ಜಾಸ್ತಿ ಆಗ್ಯಾರೆ."

ನಮ್ಮದು ಸವಳಂಗದಿಂದ ಸ್ವಲ್ಪ ಒಳಗೆ ಇರುವ ಊರು. ಅಪ್ಪ ಸಣ್ಣಪ್ಪ ಪಂಚಾಯಿತಿಯ ನೀರುಗಂಟಿ. ಮೂರು ಫೇಸ್ ಕರೆಂಟ್ ಬಂದಾಗ ಬೋರಿನ ಮೋಟರ್ ಹಾಕುವುದು, ಟ್ಯಾಂಕ್ ತುಂಬಿಸಿ ಕೇರಿ ಕೇರಿಗೆ ನೀರು ಬಿಡುವುದು ಅವನ ಕೆಲಸ. ಅವ್ವ ಕರಿಬಸಮ್ಮ ಊರ ಶಾಲೆಯ ಬಿಸಿಯೂಟದ ಕೆಲಸದಲ್ಲಿದ್ದಾಳೆ. ಅವ್ವನಿಗೆ ಆ ಕೆಲಸ ಸಿಕ್ಕಾಗ ಅಜ್ಜಿಯನ್ನೂ ಮನೆಯನ್ನೂ ನೋಡಿಕೊಳ್ಳಲು ನನ್ನನ್ನು ಒಂಬತ್ತನೇ ತರಗತಿಗೇ ಬಿಡಿಸಿದರು. ಭೀಮೇಶ ಡಿಪ್ಲೊಮಾ ಕೊನೆಯ ವರ್ಷ, ಎಲೆಕ್ಟ್ರಾನಿಕ್ಸ್. ಪ್ರಾಜೆಕ್ಟ್ ಪಾಸಾಗದೆ ಸರ್ಟಿಫಿಕೇಟು ಬರುವುದಿಲ್ಲ.

ಡಬ್ಬಿಯ ಯೋಚನೆ ಅವನಿಗೆ ಬಂದದ್ದು ಅವ್ವನ ಮಾತಿನಿಂದ. ಶಾಲೆಗೆ ಯಾರೋ ದಾನ ಕೊಟ್ಟ ಪ್ರೊಜೆಕ್ಟರ್ ಒಂದಿತ್ತು. ಕಂಪ್ಯೂಟರ್ ಕೆಟ್ಟ ಮೇಲೆ ಅದನ್ನು ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು. "ಬ್ಯಾಳೆ ಮೂಟಿ ಪಕ್ಕ ಕುಂತೈತೆ, ಇಲಿ ಓಡಾಡ್ತವೆ ಅದರ ಮ್ಯಾಗೆ," ಅಂತ ಅವ್ವ ಒಂದು ದಿನ ಊಟ ಮಾಡುತ್ತಾ ಹೇಳಿದ್ದಳು. ಭೀಮೇಶ ಅದನ್ನು ಹಿಡಿದುಕೊಂಡ. ಒಂದು ಶಾಲೆಗೆ ಆದರೆ ಸುತ್ತಲಿನ ಶಾಲೆಗಳೂ ಕೇಳುತ್ತವೆ, ನ್ಯಾಮತಿಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದು ಇದನ್ನೇ ಮಾಡಿಕೊಂಡಿರಬಹುದು ಅಂತ ಅವನ ಲೆಕ್ಕ.

ಪ್ರಾಜೆಕ್ಟಿಗೆ ಅವನ ಜೊತೆ ಇನ್ನಿಬ್ಬರಿದ್ದರು. ಜಗಳೂರಿನ ಶರಣು, ತ್ಯಾವಣಿಗೆಯ ಚೌಡೇಶ್ವರಿ. ಫೆಬ್ರವರಿಯಲ್ಲಿ ಒಂದು ಭಾನುವಾರ ಇಬ್ಬರೂ ಮನೆಗೆ ಬಂದರು. ಅವ್ವ ಬೆಳಿಗ್ಗೆಯಿಂದಲೇ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟಿದ್ದಳು. ಚೌಡೇಶ್ವರಿ ಕೈ ತೊಳೆದು ಕೂತಳು. ಶರಣು ಚೀಲದಿಂದ ತನ್ನ ನೀರಿನ ಬಾಟಲಿ ತೆಗೆದ.

"ನಂದಾತ್ರಿ. ಬಸ್ಸಿಳಿದ ತಕ್ಷಣ ತಿಂದ್ಕಂಡೇ ಬಂದೆ."

"ಊರು ಯಾವುದಪ್ಪ ನಿಂದು?" ಅಜ್ಜಿ ಕೇಳಿತು.

"ಜಗಳೂರು."

"ಅಲ್ಲಿಂದ ಇಲ್ಲಿತನಕ ತಿಂತಾನೇ ಬಂದ್ಯಾ?"

ಚೌಡೇಶ್ವರಿ ರೊಟ್ಟಿ ಬಾಯಲ್ಲಿಟ್ಟುಕೊಂಡೇ ನಕ್ಕಳು. ಶರಣು ನಗಲಿಲ್ಲ. ಅವ್ವ ಅವನ ಮುಂದಿನ ತಟ್ಟೆಯನ್ನು ಮೆಲ್ಲಗೆ ಎತ್ತಿ ಒಳಗಿಟ್ಟಳು.

ಊಟ ಆದ ಮೇಲೆ ಮೂವರೂ ಹಾಳೆ ಹರಡಿಕೊಂಡು ಕೂತರು. ಅಂಗೈಯಗಲದ ಒಂದು ಬೋರ್ಡು ಬೇಕು, ಅದಕ್ಕೆ ಮೆಮೊರಿ ಕಾರ್ಡು ಬೇಕು, ಶಾಲೆಯ ಪ್ರೊಜೆಕ್ಟರ್ ಹಳೆಯದಾದ್ದರಿಂದ ಹೊಸ ವೈರನ್ನು ಹಳೇ ಪಿನ್ನಿಗೆ ಕೂಡಿಸುವ ಇನ್ನೊಂದು ತುಣುಕು ಬೇಕು. ಮೇಲಿನ ಎರಡು ಗುಂಡಿಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚೇ ಸಾಕು ಅಂತ ಭೀಮೇಶ ಹೇಳಿದ.

ಶರಣು ಪೆನ್ನು ಕೆಳಗಿಟ್ಟ. "ಇಷ್ಟೆಲ್ಲಾ ಯಾಕಲೇ? ರೆಡಿ ಪ್ರಾಜೆಕ್ಟ್ ಮಾರೋ ಅಂಗಡಿ ಐತೆ. ರಿಪೋರ್ಟ್ ಸಮೇತ ಕೊಡ್ತಾರೆ. ನಮ್ಮ ಕ್ಲಾಸಿನೋರೆಲ್ಲಾ ಅಲ್ಲೇ ತಗೊಂಡಾರೆ."

"ಅದನ್ನ ತಗೊಂಡು ಪರೀಕ್ಷೆ ಮುಗಿದ ಮೇಲೆ ಏನು ಮಾಡ್ತಿ?"

"ಅಟ್ಟದ ಮೇಲೆ ಇಡ್ತೀನಿ. ನೀನು ನಿಂದನ್ನ ಏನು ಮಾಡ್ತಿ?"

"ಶಾಲಿಗೆ ಕೊಡ್ತೀನಿ."

"ಕೊಡಪ್ಪ. ಪುಣ್ಯ ಬರ್ತತೆ," ಅಂತ ಶರಣು ಎದ್ದ. ಆದರೂ ತನ್ನ ಪಾಲು ಕೊಡುತ್ತೇನೆ ಅಂದ, ಕೊಟ್ಟ ಕೂಡ.

ಮಾರ್ಚಿನಲ್ಲಿ ಬೋರ್ಡು ಬಂತು. ಭೀಮೇಶ ಅದನ್ನು ನ್ಯಾಮತಿಯಿಂದ ತಂದ ಪ್ಲಾಸ್ಟಿಕ್ ಸ್ವಿಚ್ ಬಾಕ್ಸಿನೊಳಗೆ ಕೂರಿಸಿದ. ಒಲೆಯಲ್ಲಿ ಕಡ್ಡಿ ಕಾಯಿಸಿ ಡಬ್ಬಿಗೆ ತೂತು ಕೊರೆದಾಗ ಮನೆಯೆಲ್ಲಾ ಸುಟ್ಟ ವಾಸನೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವರಿಬ್ಬರ ಮಧ್ಯೆ ಮಾತು ಕಡಿಮೆ. ಭೀಮೇಶ ಕಾಲೇಜಿಗೆ ಹೋದ ಮೇಲೆ ಇನ್ನೂ ಕಡಿಮೆ ಆಗಿತ್ತು.

"ಇದನ್ನ ನಡ್ಸೋದು ಎಲ್ಲಿ?" ಅಪ್ಪ ಕೇಳಿದ.

"ಪ್ರೊಜೆಕ್ಟರ್ ಬೇಕು. ಕಾಲೇಜಿಂದು ಮನಿಗೆ ಕೊಡಲ್ಲ."

ಅಪ್ಪ ಅವ್ವನ ಮುಖ ನೋಡಿದ. ಅವ್ವ ಕಾಳು ಹಸನು ಮಾಡುತ್ತಾ, "ಮೇಷ್ಟ್ರನ್ನ ಕೇಳ್ತೀನಿ," ಅಂದಳು.

ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ದೊಡ್ಡ ಪಾತ್ರೆಗಳನ್ನು ತಿಕ್ಕಿಡಲು ನಾನೂ ಅವ್ವನ ಜೊತೆ ಹೋಗಿದ್ದೆ. ಹೆಡ್ ಮೇಷ್ಟ್ರು ಗುರುಬಸವರಾಜ್ ಬೀರು ತೆಗೆದು ಪ್ರೊಜೆಕ್ಟರನ್ನು ಹೊರಗಿಟ್ಟರು.

"ರಜಾದಾಗೆ ಇಟ್ಕೊಳ್ಳಿ ಕರಿಬಸಮ್ಮ. ಇಲ್ಲಿ ಇಲಿ ತಿನ್ನೋದಕ್ಕಿಂತ ಹುಡುಗ ಏನಾದ್ರೂ ಕಲಿಯಲಿ."

"ಎಲ್ಲಾದ್ರೂ ಬರಕೊಂಡು ಸೈನ್ ಹಾಕಿಸ್ಕೊಳ್ರಿ ಸಾರ್."

"ಎಂಥದ್ದು ಬರೆಯೋದು? ನೀವೇನು ಬೇರೆಯೋರಾ?"

ಅವ್ವನಿಗೆ ಆ ಮಾತಿನಿಂದ ಖುಷಿಯಾಯಿತು. ದಾರಿಯಲ್ಲಿ ಅದನ್ನೇ ಎರಡು ಸಲ ಹೇಳಿದಳು. ಹೋದ ವರ್ಷ ಹಳೇ ಅಡುಗೆಯವರು ನಿವೃತ್ತಿಯಾದಾಗ ಸೌಟು ಅವ್ವನ ಕೈಗೆ ಬಂದಿತ್ತು. ಅಲ್ಲಿಯವರೆಗೆ ಅವಳಿಗೆ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಅಷ್ಟೇ. ಅವ್ವ ಒಲೆ ಮುಂದೆ ನಿಂತ ವಾರ ಅರ್ಧ ಶಾಲೆಯ ಮಕ್ಕಳು ಮನೆಯಿಂದ ಊಟದ ಡಬ್ಬಿ ತಂದರು. ಯಾಕೆ ಅಂತ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆಗ ಮೇಷ್ಟ್ರು ಎಲ್ಲರ ಎದುರಿಗೆ ತಟ್ಟೆ ಹಿಡಿದು ಮೊದಲು ತಾವೇ ಅವ್ವನ ಕೈಯಿಂದ ಅನ್ನ ಹಾಕಿಸಿಕೊಂಡರು. ಮೊಟ್ಟೆ ಕೊಡುವ ದಿನ ಬಂದಾಗ ಡಬ್ಬಿಗಳೂ ನಿಂತವು.

ಪ್ರೊಜೆಕ್ಟರನ್ನು ಅವ್ವ ತನ್ನ ಹಳೇ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಮನೆಗೆ ತಂದಳು. ನಾನು ಹಿಡಿಯುತ್ತೇನೆಂದರೂ ಕೊಡಲಿಲ್ಲ.

ಬೆಳಕು ಬಾರದ ಜಾಗ ಅಂದರೆ ನಮ್ಮಲ್ಲಿ ಒಳಕೋಣೆ ಒಂದೇ. ಮಧ್ಯಾಹ್ನವೂ ಅಲ್ಲಿ ಕತ್ತಲು. ಭೀಮೇಶ ಹಿಟ್ಟಿನ ಡಬ್ಬದ ಮೇಲೆ ಪ್ರೊಜೆಕ್ಟರ್ ಇಟ್ಟು ಗೋಡೆಗೆ ಬಿಳೀ ಪಂಚೆ ಕಟ್ಟಿದ. ಮೊದಲ ನಾಲ್ಕೈದು ದಿನ ಏನೂ ಬರಲಿಲ್ಲ, ಬರೀ ನೀಲಿ. ಅಜ್ಜಿ ದಿನಾ ಹೋಗಿ ಆ ನೀಲಿಯನ್ನೇ ನೋಡಿಕೊಂಡು ಬರುತ್ತಿತ್ತು. ಆಮೇಲೊಂದು ದಿನ ಪಂಚೆಯ ತುಂಬಾ ಒಂದು ಎಲೆ ಬಂತು. ನಾಲ್ಕನೇ ತರಗತಿ ಪಾಠದ ಎಲೆ, ನರನರ ಕಾಣುವಂಥದ್ದು.

"ಅಕ್ಕ! ಅಜ್ಜಿ! ಬರ್ರಿ!"

"ಇಷ್ಟು ದೊಡ್ಡ ಎಲಿ ಇದ್ರೆ ನಮ್ಮ ಮೇಕಿಗೆ ಒಂದೇ ಸಾಕಾಗಿತ್ತು," ಅಂದಿತು ಅಜ್ಜಿ.

ಅಷ್ಟರಲ್ಲಿ ಅಪ್ಪ ನೀರು ಬಿಟ್ಟು ಬಂದ. ಭೀಮೇಶ ಎಂದೂ ಇಲ್ಲದೆ ಅವನನ್ನೂ ಕರೆದ. ಅಪ್ಪ ಬಾಗಿಲಲ್ಲೇ ನಿಂತು ಎಲೆ ನೋಡಿದ, ಆಮೇಲೆ ಹೃದಯ, ಆಮೇಲೆ ಕರ್ನಾಟಕದ ನಕ್ಷೆ. "ಚೆನ್ನಾಗೈತೆ," ಅಂದ. ಭೀಮೇಶನ ಕಿವಿ ಕೆಂಪಾಯಿತು.

ನಾನು ಊಟಕ್ಕೆ ಕರೆದೆ. ಭೀಮೇಶ ಪ್ರೊಜೆಕ್ಟರಿನ ಗುಂಡಿ ಒತ್ತಿ ಎದ್ದು ಬಂದ. ಚಿತ್ರ ಹೋಯಿತು, ಅದರೊಳಗಿನ ಫ್ಯಾನ್ ಮಾತ್ರ ಗುಯ್ ಅನ್ನುತ್ತಲೇ ಇತ್ತು. ಅಪ್ಪ ಅಂಗಿ ಕಳಚಿ ಮೊಳೆಗೆ ಹಾಕಲು ಒಳಕೋಣೆಗೆ ಹೋದ. ಸದ್ದು ನಿಂತಿತು. ಅವನು ಬಂದು ತಟ್ಟೆಯ ಮುಂದೆ ಕೂತ. ಮುದ್ದೆ ಮುರಿಯುತ್ತಾ, "ಇನ್ನೂ ಚಿತ್ರ ಹಾಕು. ಹುಡುಗ್ರು ನೋಡ್ಲಿ," ಅಂದ.

ದಿನಾ ಹಾಗೇ ನಡೆಯಿತು. ಭೀಮೇಶ ಬೆಳಿಗ್ಗೆಯಿಂದ ಕೂರುತ್ತಿದ್ದ. ಅಪ್ಪ ಬರುವ ಹೊತ್ತಿಗೆ ಊಟ. ಭೀಮೇಶ ಗುಂಡಿ ಒತ್ತಿ ಬರುತ್ತಿದ್ದ, ಅಪ್ಪ ಅಂಗಿ ಹಾಕಲು ಹೋಗುತ್ತಿದ್ದ, ಸದ್ದು ನಿಲ್ಲುತ್ತಿತ್ತು. ಆ ದಿನಗಳಲ್ಲಿ ಮನೆಯಲ್ಲಿ ಜಗಳ ಇರಲಿಲ್ಲ. ಒಂದು ದಿನ ಭೀಮೇಶ ಅವ್ವ ಸೌಟು ಹಿಡಿದ ಫೋಟೊ ಹಾಕಿದ. ಅವ್ವ ಪಂಚೆಯ ಮೇಲೆ ತನ್ನನ್ನೇ ಕಂಡು ಸೆರಗನ್ನು ಬಾಯಿಗೆ ಹಿಡಿದು ಹೊರಗೆ ಓಡಿದಳು.

ಮೇ ತಿಂಗಳ ಮೊದಲ ವಾರ, ಚಿತ್ರಗಳು ಓಡುತ್ತಿದ್ದಾಗಲೇ, ಒಳಗೆ ಪಟ್ ಅಂತ ಸದ್ದಾಯಿತು. ಪಂಚೆ ಕಪ್ಪಾಯಿತು. ಭೀಮೇಶ ಡಬ್ಬಿಯನ್ನೇ ತಡಕಾಡಿದ, ವೈರು ಬಿಚ್ಚಿ ಹಾಕಿದ. ಡಬ್ಬಿಯ ಹಸಿರು ದೀಪ ಹತ್ತಿಯೇ ಇತ್ತು. ಹೋದದ್ದು ಪ್ರೊಜೆಕ್ಟರಿನ ಬಲ್ಬು.

ಮರುದಿನ ಭೀಮೇಶ ಅದನ್ನು ಅದೇ ಸೀರೆಯಲ್ಲಿ ಸುತ್ತಿಕೊಂಡು ಹೊನ್ನಾಳಿಗೆ ಹೋದ. ಅಲ್ಲಿ ಟಿವಿ ರಿಪೇರಿ ಮಾಡುವವನು ಬಿಚ್ಚಿ ನೋಡಿ, ಗಾಜು ಒಳಗೇ ಒಡೆದಿದೆ, ಈ ಮಾಡೆಲ್ ನಿಂತು ವರ್ಷಗಳಾದವು, ಬಲ್ಬು ಎಲ್ಲಿಯೂ ಸಿಗುವುದಿಲ್ಲ ಅಂದನಂತೆ. ಭೀಮೇಶ ಫೋನಿನಲ್ಲಿ ಹುಡುಕಿದ. ಚೌಡೇಶ್ವರಿಯೂ ಹುಡುಕಿದಳು. ಸಿಗಲಿಲ್ಲ.

ಹೊನ್ನಾಳಿಯಿಂದ ಬಂದವನು ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತ. ಅಪ್ಪ ಊಟಕ್ಕೆ ಕೂತಿದ್ದ.

"ಇದರ ವೈರ್ ಕಿತ್ತೋರು ಯಾರು?"

"ಯಾವ ವೈರೋ?" ಅವ್ವ ಕೇಳಿದಳು.

"ಆಫ್ ಮಾಡಿದ ಮೇಲೆ ಫ್ಯಾನ್ ಓಡ್ತಿರ್ಬೇಕು. ಒಳಗಿನ ಬಲ್ಬ್ ಬೆಂಕಿ ಹಂಗೆ ಕಾದಿರ್ತತೆ. ಅದು ತಣ್ಣಗಾಗೋ ತನಕ ಫ್ಯಾನ್ ಓಡಿ ತಾನೇ ನಿಲ್ತತೆ. ಅದಕ್ಕೆ ಮುಂಚೆ ಯಾರೋ ದಿನಾ ಕಿತ್ತಾರೆ."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ನಾನೇ ಕಿತ್ತಿದ್ದು. ಚಿತ್ರ ನಿಂತಿತ್ತು, ಅದು ಸುಮ್ನೆ ಓಡ್ತಿತ್ತು. ಒಣ ಓಡಿದ್ರೆ ಸುಡ್ತತೆ ಅಂತ."

"ಒಣ ಓಡಾಕೆ ಅದೇನು ಬೋರಿನ ಮೋಟರಾ?"

"ಬೋರಿನಾಗೆ ನೀರು ತಳ ಕಂಡಾಗ ಸ್ಟಾರ್ಟರ್ ಬಡಿದು ನಿಲ್ಲಿಸ್ದಿದ್ರೆ ಮೋಟರ್ ಸುಡ್ತತೆ ಮಗ. ಸದ್ದಿನ ಮೇಲೇ ಗೊತ್ತಾಗ್ತತೆ. ಇದೂ ಹಂಗೇ ಕೂಗ್ತಿತ್ತು. ಹೋಗಬಾರದು ಅಂತಲೇ ಕಿತ್ತೆ."

"ನೀನು ಹೇಳಿದ್ಯೇನೋ ನಿಮ್ಮಪ್ಪಂಗೆ, ಕೀಳಬ್ಯಾಡ ಅಂತ?" ಅವ್ವ ನಡುವೆ ಬಂದಳು.

"ಹೇಳಾಕೆ ಏನೈತೆ? ಗೊತ್ತಿಲ್ಲದ್ದನ್ನ ಯಾಕೆ ಮುಟ್ಟಬೇಕಿತ್ತು? ನೀರು ಬಿಡೋದೊಂದು ಬಿಟ್ಟು ಇವಂಗೆ ಏನು ಗೊತ್ತೈತೆ? ಇನ್ಮ್ಯಾಲೆ ಈ ಮನ್ಯಾಗೆ ಯಾವ ಸ್ವಿಚ್ಚೂ ಮುಟ್ಟಬ್ಯಾಡ, ನೋಡು!"

ಅಪ್ಪನಿಗೆ ಅವನು ಎದುರು ನಿಂತು ಹಾಗೆ ಅಂದದ್ದು ಅದೇ ಮೊದಲು. ಅಪ್ಪ ತಟ್ಟೆ ಸರಿಸಿ ಎದ್ದ. ಅವ್ವ ಭೀಮೇಶನ ಕಡೆ ಸೌಟು ಎತ್ತಿದಳು, ಹೊಡೆಯಲಿಲ್ಲ. "ಉಣ್ಣೋ ಹೊತ್ತಿನಾಗೆ ಎಬ್ಬಿಸ್ದೆಲ್ಲೋ," ಅಂದಳು ಅಷ್ಟೇ.

ಕಾಲೇಜಿನಲ್ಲಿ ತೋರಿಸುವ ದಿನ ಹತ್ತಿರ ಬಂದಿತ್ತು. ಕಾಲೇಜಿನ ಪ್ರೊಜೆಕ್ಟರಿಗೆ ಹಾಕಿ ನೋಡಲು ಭೀಮೇಶ ಒಂದು ದಿನ ಡಬ್ಬಿ ಒಯ್ದ. ಅದು ಹೊಸದು, ಡಬ್ಬಿ ಹಳೆಯದಕ್ಕೆ ಹೊಂದಿಸಿದ್ದು. ಚಿತ್ರ ಬರಲಿಲ್ಲ. ಸರಿಮಾಡಲು ಎರಡು ದಿನ ಬೇಕು ಅಂದ. ಅಷ್ಟು ಹೊತ್ತು ಆ ಪ್ರೊಜೆಕ್ಟರ್ ಇರುವ ಸಭಾಂಗಣ ಬಿಟ್ಟುಕೊಡುವವರು ಯಾರೂ ಇರಲಿಲ್ಲ. ಶರಣು ನಮ್ಮ ಅಂಗಳದಲ್ಲಿ ಬೈಕ್ ನಿಲ್ಲಿಸಿ, ಇಳಿಯದೆಯೇ ಮಾತಾಡಿದ.

"ನೋಡಲೇ, ನಂಗೆ ಫೇಲಾಗಾಕೆ ಆಗಲ್ಲ. ಚೌಡೇಶ್ವರಿ ಒಪ್ಯಾಳೆ. ರೆಡಿದು ತರ್ತೀನಿ. ನಿನ್ನ ಹೆಸರೂ ಹಾಕ್ತೀವಿ, ಬೇಕಾದ್ರೆ ಬಾ."

ಭೀಮೇಶ ಆ ದಿನ ಉಣ್ಣಲಿಲ್ಲ. ಮರುದಿನ ಅವರ ಜೊತೆ ಹೋದ. ತೋರಿಸಿ ಬಂದ ಸಂಜೆ ಅವ್ವ ಅವನಿಗೆ ಇಷ್ಟ ಅಂತ ಶೇಂಗಾ ಹೋಳಿಗೆ ಮಾಡಿದ್ದಳು. ಅಪ್ಪ ಮಾತು ಬಿಟ್ಟಿದ್ದವನು, ಆ ಹೊತ್ತು ಕೇಳಿದ.

"ಪಾಸ್ ಮಾಡ್ತಾರಂತಾ?"

"ಹ್ಞೂಂ."

"ಏನು ತೋರ್ಸಿದ್ರಿ?"

ಭೀಮೇಶ ಹೋಳಿಗೆಯನ್ನು ಎರಡು ತುಂಡು ಮಾಡಿದ. "ಟ್ಯಾಂಕ್ ತುಂಬಿದ್ರೆ ಮೋಟರ್ ತಾನೇ ಆಫ್ ಆಗೋದು. ಯಾರೂ ಕಾಯೋದು ಬ್ಯಾಡ."

ಅಪ್ಪ ತುತ್ತು ನುಂಗಿದ. "ಒಳ್ಳೇದೇ ಅದು," ಅಂದ.

ಶಾಲೆ ತೆರೆಯುವ ಹಿಂದಿನ ದಿನ ಅವ್ವ ಪ್ರೊಜೆಕ್ಟರನ್ನು ಒರೆಸಿ, ಸೀರೆ ಒಗೆದು ಒಣಗಿಸಿ, ಮತ್ತೆ ಸುತ್ತಿದಳು. ಭೀಮೇಶ ತಾನೂ ಬರುತ್ತೇನೆ ಅಂದ. ಅವ್ವ ಬೇಡ ಅಂದಳು. ಶಾಲೆಯ ಅಡುಗೆಕೋಣೆ ತೊಳೆಯಲು ನಾನು ಜೊತೆಗೆ ಹೋದೆ. ಮೇಷ್ಟ್ರ ಕೋಣೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ವೆಂಕಟೇಶ್ ಕೂತಿದ್ದರು. ಹೋದ ವರ್ಷ ಅವರ ಮಗಳು ಎಲ್ಲರಿಗಿಂತ ಹೆಚ್ಚು ದಿನ ಮನೆಯ ಡಬ್ಬಿ ತಂದಿದ್ದಳು. ಅಡುಗೆ ಸಹಾಯಕಿ ಸಾವಂತ್ರಮ್ಮ ಬಾಗಿಲ ಹತ್ತಿರ ನಿಂತಿದ್ದಳು.

ಅವ್ವ ನಡೆದದ್ದನ್ನು ಹೇಳಿದಳು. ಗಂಡ ಕಿತ್ತದ್ದು ಅನ್ನಲಿಲ್ಲ. "ನಮ್ಮ ಮನ್ಯಾಗೆ ಹೋತು," ಅಂದಳು.

"ಮನೀಗೆ ಹೆಂಗೆ ಬಂತು ಇದು?" ವೆಂಕಟೇಶ್ ಕೇಳಿದರು. "ಶಾಲಿ ಸಾಮಾನು. ಹೇಳೋರು ಕೇಳೋರು ಇಲ್ವಾ? ಇವತ್ತು ಪ್ರೊಜೆಕ್ಟರು, ನಾಳೆ ಅಕ್ಕಿ ಮೂಟಿ."

"ಅಕ್ಕಿ ಮುಟ್ಟೋಳಲ್ಲ ನಾನು."

"ಹಂಗಾದ್ರೆ ಇದನ್ನ ಯಾರು ಕೊಟ್ರು? ಮೇಷ್ಟ್ರೇ, ನೀವು ಕೊಟ್ರಾ?"

ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಅವ್ವ ಅವರ ಕಡೆಗೆ ಒಂದೇ ಸಲ ತಿರುಗಿದಳು.

"ಅವರೇನೂ ಕೊಟ್ಟಿಲ್ರಿ. ಬೀರು ತೆಗೆದಿತ್ತು. ನಾನೇ ಒಯ್ದೆ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ಆಗಿದ್ದು ಆತು ಬಿಡ್ರಿ ಅಧ್ಯಕ್ಷ್ರೇ," ಅಂದರು. "ಕೆಲಸದಿಂದ ತೆಗೆಯೋದೆಲ್ಲಾ ಬೇಡ. ಬಡ ಸಂಸಾರ."

"ತೆಗಿ ಅಂತ ನಾನೆಲ್ಲಿ ಅಂದೆ? ಒಳಗಿನ ಉಸಾಬರಿ ಬ್ಯಾಡ, ಅಷ್ಟೇ. ಉಗ್ರಾಣದ ಕೀಲಿ, ಒಲೆ ಎಲ್ಲಾ ಸಾವಂತ್ರಮ್ಮ ನೋಡ್ಕೊಳ್ಳಲಿ. ಇವರು ಮೊದ್ಲಿನಂಗೆ ಪಾತ್ರೆ ನೋಡ್ಕೊಳ್ಳಲಿ."

ಸಾವಂತ್ರಮ್ಮ ಕೀಲಿ ತೆಗೆದುಕೊಳ್ಳುವಾಗ ಅವ್ವನ ಮುಖ ನೋಡಲಿಲ್ಲ. "ನಾನು ಕೇಳಿದ್ದಲ್ಲಕ್ಕ," ಅಂದಳು. ಅವ್ವ, "ಗೊತ್ತು ಬಿಡೇ," ಅಂದಳು.

ನಾನು ಮನೆಯಲ್ಲಿ ಹೇಳಬಾರದು ಅಂದುಕೊಂಡಿದ್ದೆ. ಅವ್ವನೇ ಹೇಳಿದಳು. ಭೀಮೇಶ ಗೋಡೆಗೆ ಒರಗಿದ್ದವನು ಎದ್ದು ನಿಂತ.

"ಯಾಕೆ ಸುಳ್ಳು ಹೇಳ್ದೆ? ಅವರೇ ಕೈಯಾರೆ ಕೊಟ್ಟಿದ್ದಲ್ವಾ? ಅಕ್ಕ ಇದ್ಲಲ್ಲ ಅಲ್ಲಿ!"

"ಹೋದ ವರ್ಷ ಅವರು ತಟ್ಟೆ ಹಿಡೀದಿದ್ರೆ ನಾನು ಮಾಡಿದ್ದನ್ನ ಯಾರೋ ಉಣ್ತಿದ್ರು?"

"ಆವಾಗ ತಟ್ಟೆ ಹಿಡಿದೋರು ಈಗ ಯಾಕೆ ಬಾಯಿ ಬಿಡ್ಲಿಲ್ಲ?"

"ಇನ್ನೆರಡು ವರ್ಷ ಸರ್ವಿಸ್ ಐತೆ ಅವರ್ದು."

"ನಿಂದು?"

ಅವ್ವ ಬೆಳ್ಳುಳ್ಳಿ ಸುಲಿಯತೊಡಗಿದಳು. ಅಜ್ಜಿ, "ಸಾಕು ಮುಗಿಸ್ರೋ. ಪಾತ್ರೆ ತಿಕ್ಕೋದು ಹೊಸದೇನಲ್ಲ ನಮಗೆ," ಅಂತ ಆಚೆ ತಿರುಗಿ ಮಲಗಿತು.

ಭೀಮೇಶ ಮೇಷ್ಟ್ರ ಹತ್ತಿರ ಒಂದು ಸಲ ಹೋಗಿದ್ದ. ಏನಾಯಿತು ಅಂತ ಅವನು ಹೇಳಲಿಲ್ಲ. ಡಬ್ಬಿಯನ್ನು ಶಾಲೆಗೆ ಕೊಡಲು ಹೋಗಿದ್ದನಂತೆ, ಮೇಷ್ಟ್ರು ಚಹಾ ತರಿಸಿ, ಪ್ರೊಜೆಕ್ಟರೇ ಇಲ್ಲದ ಮೇಲೆ ಇದನ್ನಿಟ್ಟುಕೊಂಡು ಏನು ಮಾಡಲಿ ಮಗ ಅಂದರಂತೆ. ಇದನ್ನು ನನಗೆ ಹೇಳಿದ್ದು ಸಾವಂತ್ರಮ್ಮ. ಆಮೇಲೆ ಅವನು ಡಬ್ಬಿಯೊಳಗಿನ ಬೋರ್ಡು ಬಿಚ್ಚಿ ಮಾರಿದ. ನ್ಯಾಮತಿಯ ಮಳಿಗೆಯ ಮಾತು ಮತ್ತೆ ಎತ್ತಲಿಲ್ಲ. ಈಗ ಹೊನ್ನಾಳಿಯಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಗಾಜು ಅಂಟಿಸುತ್ತಾನೆ, ಭಾನುವಾರ ಮನೆಯಲ್ಲಿರುತ್ತಾನೆ.

ಹೋದ ಭಾನುವಾರ ಮಧ್ಯಾಹ್ನ ಎಲ್ಲರೂ ಉಂಡಾಗಿತ್ತು. ಅವ್ವನ ಬೆರಳುಗಳ ಸಂದಿಯಲ್ಲಿ ಪಾತ್ರೆ ತಿಕ್ಕುವ ಸಬೀನಾ ಪುಡಿಯಿಂದ ಸಿಪ್ಪೆ ಎದ್ದಿತ್ತು, ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಮೂರು ಫೇಸ್ ಕರೆಂಟ್ ಬರುವ ಹೊತ್ತಾಯಿತು ಅಂತ ಅಪ್ಪ ಮೋಟರ್ ಮನೆಯ ಕೀಲಿ ತೆಗೆದುಕೊಂಡು ಎದ್ದ. ನಡುಮನೆಯ ಫ್ಯಾನು ತಿರುಗುತ್ತಿತ್ತು. ಹೋಗುವಾಗ ಅದನ್ನು ಆರಿಸಿ ಹೋಗುವುದು ಅವನ ಹಳೆಯ ಅಭ್ಯಾಸ. ಗೋಡೆಯ ಹತ್ತಿರ ನಿಂತು ಕೈ ಎತ್ತಿದವನು ಹಾಗೇ ತಡೆದು, ತಿರುಗಿ ನೋಡಿದ.

"ಭೀಮೇಶ, ಇದನ್ನ ಆರ್ಸಬೌದೇನಪ್ಪ?"

ಭೀಮೇಶ ಫೋನಿನಿಂದ ತಲೆ ಎತ್ತಲಿಲ್ಲ.

"ಫ್ಯಾನು ಅದು," ಅವ್ವ ಹೇಳಿದಳು. "ನಿನ್ನ ಮನೀದೇ. ಆರ್ಸು."

ಅಪ್ಪ ಕೈ ಇಳಿಸಿದ. "ಇರ್ಲಿ. ಗೊತ್ತಿರೋರು ಆರಿಸ್ಲಿ," ಅಂತ ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಇಳಿದ.